ಎರಡನೇ ಗೇಟು

ಚೀಲದಾಗ ಕೈ ಹಾಕಿ ಮಾರ್ಕ್ಸ್ ಕಾರ್ಡು ಹುಡುಕತಿದ್ದೆ,
ಹೆಡ್‌ಮಾಸ್ತರರು ಆಗಲೇ ಮಗಳ ಕಾಲು ನೋಡಾಕತ್ತಿದ್ರು.
'ನೂರು ಮೀಟರ್ ಎಷ್ಟು ಸೆಕೆಂಡಿನ್ಯಾಗ ಓಡ್ತೀ?'
'ಗೊತ್ತಿಲ್ಲ ಸರ್. ಎಂದೂ ಓಡಿಲ್ಲ,' ಅಂದಳು ಲವೀನಾ.
ಅವರು ನಕ್ಕರು,
ಮೀನು ಬಂದು ನನಗ ಈಜು ಬರೂದಿಲ್ಲ ಅಂದಂಗ.

ಆಚೆ ಸಾಲ್ಯಾಗ ಕ್ಲಾರ್ಕ ಕೇಳಿದ, 'ಯಾವ ದೇಶ?'
'ಖಾನಾಪುರ ತಾಲೂಕ.'
'ಅಲ್ಲ, ಮೂಲ?'
ನಮ್ಮಜ್ಜ, ಅವನಜ್ಜ, ಅವನಪ್ಪ,
ಎಲ್ಲಾರೂ ಅದೇ ಅಡವಿ ಮಣ್ಣಾಗ ಮಲಗ್ಯಾರ,
ಅದಕ್ಕಿಂತ ಹಿಂದಿನ ಮೂಲ
ನಿಮ್ಮದಾದ್ರೂ ನಿಮಗ ಗೊತ್ತೈತೇನ್ರಿ?
ಇದನ್ನ ಮನಿಗೆ ಬಂದು ನತಾಲಿ ಮುಂದ ಅಂದೆ.
ಅಲ್ಲಿ ಅಂದದ್ದು, 'ಫಾರ್ಮ್ ಕೊಡ್ರಿ ಸರ್.'

ಎ ಸೆಕ್ಷನ್ ಮಹಡಿ ಮ್ಯಾಲ, ಪ್ರಯೋಗಶಾಲೆ ಮಗ್ಗಲಾಗ.
ಸಿ ಸೆಕ್ಷನ್ನಿನ ಬಾಗಿಲು ಮೈದಾನಕ್ಕ ತೆರೀತೈತಿ.
'ಪರೀಕ್ಷಾ ಇಟ್ಟು ಹಂಚತೇವಿ, ಜಾತಿ ಗೀತಿ ಏನಿಲ್ಲ.'
ಪರೀಕ್ಷಾ ಇನ್ನೂ ಬರೋ ಸೋಮವಾರ.
ಸಿ ಪಟ್ಟಿಯೊಳಗ ಅವಳ ಹೆಸರು
ಪೆನ್ಸಿಲ್ಲಿನ್ಯಾಗ ಬರಕೊಂಡಿದ್ರು, ಸಾದಾ ಪೆನ್ಸಿಲ್ಲು,
ಅಳಿಸಬಹುದು.

ಫೀ ಪೂರಾ ಮಾಫ್. ಬೂಟು ಅವರವು. ದಿನಾ ಎರಡು ತತ್ತಿ.
ಗಣಿತದ ಎಕ್ಸ್‌ಟ್ರಾ ಕ್ಲಾಸಿನ ಹೊತ್ತಿಗೆ ಪ್ರಾಕ್ಟೀಸು.
'ಇವರಿಗೆ ಅದೇನು ಬೇಕಾಗೂದಿಲ್ಲ ಬಿಡ್ರಿ,
ದೇವರು ಕಾಲಾಗ ಕೊಟ್ಟಾನ.'

ನನಗೂ ಕೊಟ್ಟಿದ್ದ.
ಹತ್ತು ವರ್ಷದವ ಇದ್ದಾಗ ಊರಿಗೆ ಜೀಪು ಬಂತು,
ನಮ್ಮನ್ನ ಸಾಲಾಗಿ ನಿಲ್ಲಿಸಿ ತೊಡಿ ಹಿಚುಕಿ ನೋಡಿದ್ರು,
ಸಂತ್ಯಾಗ ಹೋರಿ ನೋಡಿಧಂಗ.
ನಾನು ಖುಷಿಯಿಂದ ಹೋದೆ, ಸುಳ್ಳ್ಯಾಕ ಹೇಳಲಿ,
ಬೂಟು ಅಪ್ಪಿಕೊಂಡು ಮಲಗತಿದ್ದೆ.
ಹದಿನಾರಕ್ಕ ಮೊಣಕಾಲು ಹೋತು. ಬೂಟು ವಾಪಸ್ ಇಸಕೊಂಡ್ರು.

ಈಗ ಉದ್ಯಮಬಾಗದ ಫೌಂಡ್ರಿ.
ಪಾಳಿ ಮುಗಿಯೋ ಹೊತ್ತಿಗೆ
ಶಿಂಧೆ, ಮುಲ್ಲಾ, ಹುದ್ದಾರ, ಎಲ್ಲಾರೂ ನನ್ನ ಬಣ್ಣ.
ಆಮ್ಯಾಲ ನಳದ ಕೆಳಗ ಒಬ್ಬೊಬ್ಬರಾಗಿ
ತಮ್ಮ ತಮ್ಮ ಬಣ್ಣಕ್ಕ ಹೊಳ್ಳಿ ಹೋಗ್ತಾರ.
ಸಾಬೂನು ನನಗೂ ಕೊಡ್ತಾರ.
ಚಲೋ ಮಂದಿ.

ಮೂರನೇದು ಸರಕಾರಿ ಸಾಲಿ.
ಅಲ್ಲಿ ಯಾರೂ ಏನೂ ಕೇಳಲಿಲ್ಲ, ಕಾಲೂ ನೋಡಲಿಲ್ಲ.
ಸಿಪಾಯಿ ಖರೇ ಮಾತು ಆಡಿದ:
'ಗಣಿತದ ಮಾಸ್ತರರು ವರ್ಗಾ ಆಗಿ ಹೋಗ್ಯಾರ್ರೀ,
ಬರ್ತಾರಂತ. ಹೋದ ವರ್ಷಾನೂ ಬರ್ತಾರಂತ.'

ಬಸ್ ಟಿಕೀಟಿನ ಹಿಂದ ಲವೀನಾ ಲೆಕ್ಕ ಮಾಡಿದಳು,
ಎ ಸೆಕ್ಷನ್ನಿನ ಫೀ ಅಂದ್ರ
ತಿಂಗಳಿಗೆ ಹನ್ನೊಂದು ಓವರ್‌ಟೈಮು, ನನ್ನ ಮೊಣಕಾಲಿಗೆ.
ಮೊಣಕಾಲಿಂದು ಅವಳು ಬರೀಲಿಲ್ಲ, ನಾನು ಓದಿಕೊಂಡೆ.
'ಅಪ್ಪಾ, ಓಡಿಬಿಡ್ಲೇನು?'
ನಾನು ತಿಳಿಯದವನಂಗ ರಸ್ತೆ ನೋಡಿದೆ.

ಎರಡನೇ ಗೇಟು ಬಿದ್ದಿತ್ತು.
ಸೈಕಲ್ಲು ಹೆಗಲಿಗೇರಿಸಿ, ಸೀರಿ ಎತ್ತಿ ಹಿಡದು,
ಕೋಲಿನ ಕೆಳಗ ಬಗ್ಗಿ ಎಲ್ಲಾರೂ ಓಡಿದ್ರು.
ಇವಳು ನಿಂತಳು.
ಗೂಡ್ಸು ಬಂತು, ಅದಿರಿನ ಧೂಳು,
ತುಟಿ ಅಲುಗತಿದ್ವು, ಬಳ್ಳು ಮಡಚತಿದ್ವು.
'ಐವತ್ತೆಂಟು.
ಗಾರ್ಡಿನ ಡಬ್ಬಿ ಹಿಡದ್ರ ಐವತ್ತೊಂಬತ್ತು.'
ಮತ್ತ ಸ್ವಲ್ಪ ತಡದು, ಕಣ್ಣು ಹೊಳಸಿ,
'ಅದು ಯಾತರಾಗೂ ಭಾಗ ಹೋಗೂದಿಲ್ಲ, ಅಪ್ಪಾ.'

ಗೇಟು ಎದ್ದ ಮ್ಯಾಲೂ
ನಾವು ಇನ್ನಿಷ್ಟು ಹೊತ್ತು ಈ ಕಡೇನೇ ಇದ್ವಿ.
ಹಿಂದಿನವರು ಹಾರ್ನ್ ಹೊಡದ್ರು.
ಮೂರು ಫಾರ್ಮು ನನ್ನ ಕಿಸೆದಾಗ,
ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ವು.