ಅಂದಾಜು ಚೀಟಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ,
ಹೊಲಿಗೆ ಯಂತ್ರ ರಿಪೇರಿಯ ಪಕ್ಕದ ಅಂಗಡಿ.
ಇನಾಯತ್ ಸಾಬರು ಜೋಡುನಳಿಗೆಯನ್ನು ಮಡಿಸಿ
ಟ್ಯೂಬ್‌ಲೈಟಿಗೆ ಹಿಡಿದು
ಬಾವಿಗೆ ಇಣುಕಿದ ಹಾಗೆ ಬಹಳ ಹೊತ್ತು ನೋಡಿದರು.
"ಬಲಗಡೇದು ಪರವಾಗಿಲ್ಲ ಟೀಚರ್,
ಎಡಕ್ಕೆ ಒಳಗೆಲ್ಲ ಸಿಡುಬು."

ಬಸ್ ಟಿಕೇಟಿನಗಲದ ಚೀಟಿಯಲ್ಲಿ ಬರೆದರು:
ನಳಿಗೆ ಉಜ್ಜಿ ಕಪ್ಪು ಹಾಕಲು ಹದಿನಾಲ್ಕು ಸಾವಿರ,
ಹಿಡಿಗೆ ಹೊಸ ಅಕ್ರೋಟು ಮರ, ಹನ್ನೊಂದು,
ಎರಡು ಕುದುರೆ, ಒಂದು ಸ್ಪ್ರಿಂಗು,
ಕೈಯಲ್ಲೇ ಅರದಿಂದ ಉಜ್ಜಿ ಮಾಡಬೇಕು, ಏಳು.
"ಮಾರಿದರೆ?"
"ಹದಿನೈದು ಬಂದರೆ ಪುಣ್ಯ."

ಏಳನೇ ಕ್ಲಾಸಿನ ಲಾಭ ನಷ್ಟ.
ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ:
ಉತ್ತರ ಬಂದ ಮೇಲೆ ಕೆಳಗೆ ಗೆರೆ ಎಳೆಯಬೇಕು,
ಮುಂದಿನದಕ್ಕೆ ಹೋಗಬೇಕು.

ಆಲೂರಿನ ಕಡೆ ಚೆನ್ನಾಜತ್ತೆಯ ಆಲೂಗೆಡ್ಡೆ ಹೊಲ.
ಹಂದಿ ಬಂದ ರಾತ್ರಿ ಅವಳು ಹೊಡೆದದ್ದೆಲ್ಲ ಆಕಾಶಕ್ಕೆ.
ಗಂಟೆ ಬಿಟ್ಟು ಹಂದಿ ಮತ್ತೆ ಬರುತ್ತಿತ್ತು,
ಅತ್ತೆಯೂ ಮತ್ತೆ ಏಳುತ್ತಿದ್ದಳು.
ಒಮ್ಮೆ ಮಾತ್ರ ಗುರಿ ತಪ್ಪಿ
ಅಂದರೆ ಆಕಾಶ ತಪ್ಪಿ
ನೀರಿನ ಡ್ರಮ್ಮಿಗೆ ಬಿತ್ತು.
ಬೆಳಿಗ್ಗೆ ಕಿರುಬೆರಳು ತೂರಿಸಿ ಎಣಿಸಿದೆ, ಹದಿನೆಂಟು ತೂತು.
ಆಮೇಲೆ ಕೊತ್ತಂಬರಿ ಮಡಿಗೆ ಅದರಿಂದಲೇ ನೀರು.

ಈ ತುಕ್ಕು ಎಲೆಕ್ಷನ್ನಿನದು.
ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ
ಯಾರು ನಿಂತರೂ ಕೋವಿ ಸ್ಟೇಷನ್ನಿಗೆ ಠೇವಣಿ,
ಕೊರಳಿಗೆ ರಟ್ಟಿನ ಚೀಟಿ, ಸೋರುವ ಗೋಡೆಯ ಮೂಲೆ.
ಬಿಡಿಸಿಕೊಳ್ಳಲು ಹೋದ ಅತ್ತೆ
ರೈಟರ್ ಎದುರಿಗೇ ಸೆರಗಲ್ಲಿ ಒರೆಸಿ, ಮೂಸಿ,
ಹಾಸ್ಟೆಲಿನಿಂದ ಬಂದ ಹುಡುಗನ ಕಿವಿ ನೋಡಿದಂತೆ
ಒಳಗೆಲ್ಲ ನೋಡುತ್ತಿದ್ದಳು.

ಹಿಡಿಯ ಬಿರುಕಿಗೆ ಅವಳು ಸುತ್ತಿದ
ಸೈಕಲ್ ಟ್ಯೂಬಿನ ಪಟ್ಟಿಯನ್ನು
ಸಾಬರು ಉಗುರಿನಿಂದ ಎಬ್ಬಿಸಿದರು:
"ಮೊದಲು ಇದನ್ನು ಕಿತ್ತು ಬಿಸಾಕಬೇಕು."
"ಅದನ್ನು ಬಿಡಿ."
ನನ್ನ ದನಿ ನನಗೇ ಜೋರಾಯಿತು.
ಪಕ್ಕದಂಗಡಿಯ ಹೊಲಿಗೆ ಯಂತ್ರ ಕೂಡ ನಿಂತಿತು.

ಅವರು ಹನ್ನೊಂದು ಹೊಡೆದುಹಾಕಿದರು.
"ಕಪ್ಪು?" ಬೇಡ. ಹದಿನಾಲ್ಕೂ ಹೋಯಿತು.
"ಎಡಗಡೆ ಕುದುರೆ?" ಅದು ಎಂದೂ ಓಡಿದ್ದಿಲ್ಲ.
ಕೊನೆಗುಳಿದದ್ದು ಬಲಗಡೆಯ ಸ್ಪ್ರಿಂಗು,
ಎರಡೂವರೆ ಸಾವಿರ.
"ಸದ್ದು ಬರುತ್ತೆ, ಅಷ್ಟೇ. ಗುರಿಗಿರಿ ಕೇಳಬೇಡಿ."
"ಸದ್ದು ಸಾಕು."

ಹೊಲ ಗುತ್ತಿಗೆಗೆ ಹೋಗಿ ನಾಲ್ಕು ವರ್ಷ,
ಈಗ ಅಲ್ಲಿ ಶುಂಠಿ, ಸೋಲಾರ್ ಬೇಲಿ.
ಇದನ್ನು ಸಾಬರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೇಲೂರಿನ ಬಸ್ಸಿನಲ್ಲಿ ಚೀಟಿ ಬಿಚ್ಚಿ ನೋಡಿದೆ:
ಗೀಟು, ಗೀಟು, ಮೂಲೆಯಲ್ಲೊಂದು ಸಂಖ್ಯೆ.
ಲೆಕ್ಕವನ್ನು ಹೀಗೆ ಮಾಡಿ ತಂದ ಹುಡುಗರಿಗೆ
ಇವತ್ತಿನ ತನಕ
ಅರ್ಧ ಮಾರ್ಕೂ ಕೊಟ್ಟವಳಲ್ಲ ನಾನು.