ನಾಲ್ಕು ಗಂಟೆ

ಗುರುವಾರ ಸಂಜೆ ನಾಲ್ಕಕ್ಕೆ ಕೋಕೋ ಒಡೆಯುವುದಿದೆ.
ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ,
ಅದರ ಕೆಳಗೆ: ಐದೂವರೆಗೆ ಆಮೆಮರಿ, ಟೋಪಿ ತನ್ನಿ.

ಕಾಯಿ ನಮ್ಮ ತೋಟದ್ದಲ್ಲ.
ತೋಟದ ಒಂದು ಪಾಲು ಈಗ ಈಜುಕೊಳ,
ಮಿಕ್ಕದ್ದನ್ನು ಕಾಡು ತಿಂದುಕೊಂಡಿದೆ.
ಆಚೆ ದಂಡೆಯಿಂದ ಅಡೆಲಿನೊ ಬೈಕಿನ ಹಿಂದೆ ಗೋಣಿ ಕಟ್ಟಿ
ಮೂವತ್ತು ಕಾಯಿ ತರುತ್ತಾನೆ, ಹಳದಿಯವನ್ನೇ ಆರಿಸಿ.
ಫೋಟೋಕ್ಕೆ ಹಳದಿ ಒಳ್ಳೆಯದಂತೆ.

ಮಚ್ಚು ಹಿಡಿದು ಕೂರುವವಳು ನಾನು.
ಒಂದೇಟು, ತಿರುಗಿಸು, ಇನ್ನೊಂದೇಟಿಗೆ ಕಾಯಿ ಬಾಯಿಬಿಡುತ್ತದೆ.
ಬೀಜಕ್ಕೆ ಅಲಗು ತಾಗಿದರೆ ಆಗೆಲ್ಲ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು,
ಈಗ ತಾಗಿದರೂ ಚಪ್ಪಾಳೆ.
ತಿರುಳು ಚೀಪಿ ನೋಡಿ, ಎನ್ನುತ್ತೇನೆ ನಾಲ್ಕು ಭಾಷೆಗಳಲ್ಲಿ;
ನಾಲ್ಕರಲ್ಲೂ ನನಗೆ ಗೊತ್ತಿರುವುದು ಅಷ್ಟೇ.
ಚೀಪುತ್ತಾರೆ. ಲಿಚಿಯ ಹಾಗಿದೆ ಅನ್ನುತ್ತಾರೆ,
ಚಾಕಲೇಟಿನ ರುಚಿಯೇ ಇಲ್ಲವಲ್ಲ!
ಇಲ್ಲ. ಅದು ಇಲ್ಲಿ ಯಾವತ್ತೂ ಇರಲಿಲ್ಲ,
ಹಡಗು ಹತ್ತಿದ ಮೇಲೆ ಹುಟ್ಟುವ ರುಚಿ ಅದು.
ಅಜ್ಜಿ ಅದನ್ನು ಬಾಯಿಗಿಟ್ಟದ್ದು ಎಂಬತ್ತು ದಾಟಿದ ಮೇಲೆ,
ದಿಂಬಿನ ಮೇಲಿಡುವ ಚೌಕದ ಚೂರು, ನಾನೇ ಕದ್ದು ತಂದದ್ದು.
ಕಹಿ, ಅಂದಳು. ಆದರೆ ಉಗುಳಲಿಲ್ಲ.

ಅಜ್ಜಿಯ ಹೆಸರು ಫುಲ್ಜೆನ್ಸಿಯಾ.
ಕೇಪ್ ವರ್ಡಿಯ ಬರಗಾಲದಿಂದ ಒಂಬತ್ತರ ಹುಡುಗಿ
ತಾಯಿಯ ಸೆರಗು ಹಿಡಿದು ಹಡಗಿಳಿದವಳು.
ಕರಾರು ಮೂರು ವರ್ಷದ್ದು.
ಆ ಮೂರು ವರ್ಷ ಇನ್ನೂ ಮುಗಿದಿಲ್ಲ.

ಅವಳಿಗೆ ಗಂಟೆ ಅಂದರೆ ಹೊತ್ತಲ್ಲ, ಕಂಚು.
ಅಂಗಳದ ಕಂಬಕ್ಕೆ ತೂಗಿದ್ದು.
ನಸುಕಿನಲ್ಲಿ ಅದು ಹೊಡೆದರೆ ಸಾಲು ನಿಲ್ಲಬೇಕು,
ಮೊಲೆ ಕಚ್ಚಿದ ಕೂಸನ್ನು ಕಿತ್ತಿಟ್ಟು ಬಂದು ನಿಲ್ಲಬೇಕು,
ಜ್ವರದವರು ಜ್ವರದ ಸಮೇತ.
ತಲೆ ಎಣಿಸುವವರೆಗೆ ಕದಲುವ ಹಾಗಿಲ್ಲ.
ಆಮೇಲೆ ತೋಟ ಸರಕಾರದ್ದಾಯಿತು, ಗಂಟೆ ಹಾಗೇ ಇತ್ತು;
ಸರಕಾರವೂ ಕೈಬಿಟ್ಟಿತು, ಒಣಮನೆಯ ತಗಡು ಹಾರಿಹೋಯಿತು,
ಹಳಿಯ ಮೇಲೆ ಸರಿಯುತ್ತಿದ್ದ ದೊಡ್ಡ ತಟ್ಟೆಗಳಲ್ಲಿ ಹಂದಿ ಮರಿಹಾಕಿದವು.
ಕಂಚಿಗೆ ಬೆಲೆಯಿತ್ತು. ಆದರೂ ಗಂಟೆಯನ್ನು ಯಾರೂ ಕದಿಯಲಿಲ್ಲ.
ಹೋಟೆಲಿನವರು ಬಂದು ನಿಂಬೆ ಹಚ್ಚಿ ತಿಕ್ಕಿಸಿದರು,
ಅಂದಕ್ಕೆಂದು ಹೊಸ ಹಗ್ಗ ಕಟ್ಟಿದರು.

ನನಗೇನೂ ದೂರಿಲ್ಲ.
ಸಂಬಳ ಬರುತ್ತದೆ, ಮಗಳು ಎಲ್ಸಿನಾಗೆ ಕನ್ನಡಕ ಬಂತು.
ಯಜಮಾನನ ಬಂಗಲೆಯಲ್ಲಿ ಅಜ್ಜಿ ಒಮ್ಮೆಯೂ ಹತ್ತದ ಮೆಟ್ಟಿಲನ್ನು
ದಿನಕ್ಕೆ ಎಷ್ಟು ಸಲ ಹತ್ತುತ್ತೇನೋ.
ಹದಿನಾಲ್ಕು ಹಾಸಿಗೆ, ಹದಿನಾಲ್ಕು ಟವೆಲ್ಲಿನ ಹಂಸ.
ಈ ದ್ವೀಪದಲ್ಲಿ ಹಂಸವಿಲ್ಲ, ಚಿತ್ರ ತೋರಿಸಿ ಕಲಿಸಿದರು.

ಕಳೆದ ಗುರುವಾರ, ಕಾಯಿ ಇನ್ನೂ ಗೋಣಿಯಲ್ಲಿರುವಾಗಲೇ,
ಆರೇಳು ವರ್ಷದ ಹುಡುಗನೊಬ್ಬ, ಮೂಗಿನ ಮೇಲೆ ಬಿಳಿ ಮುಲಾಮು,
ಹಗ್ಗ ಕಂಡ.
ಹಗ್ಗ ಕಂಡ ಮಗು ಎಳೆಯದೆ ಬಿಡುತ್ತದೆಯೇ?

ಮೊದಲು ಬಾವಲಿಗಳೆದ್ದವು.
ಆಮೇಲೆ ಸಾಲುಮನೆಯ ಏಳನೆಯ ಬಾಗಿಲು ತೆರೆಯಿತು.
ನನ್ನ ಭುಜ ಹಿಡಿಯದೆ ಬಚ್ಚಲಿಗೂ ಹೋಗದವಳು
ಬರಿಗಾಲಲ್ಲಿ ಅಂಗಳ ದಾಟಿ ಬಂದಳು,
ಬಂದು ನಿಂತಳು,
ಎಡಕ್ಕೆ ಒಬ್ಬರಿಗೆ
ಬಲಕ್ಕೆ ಒಬ್ಬರಿಗೆ
ಜಾಗ ಬಿಟ್ಟು.

ಕಾರ್ಯಕ್ರಮದ ಭಾಗವೆಂದುಕೊಂಡರು. ಯಾರೋ ಮಂಡಿಯೂರಿ
ಬೆಳಕು ಸರಿಹೊಂದಿಸಿಕೊಂಡರು.
ಹುಡುಗ ಹಗ್ಗ ಬಿಟ್ಟು ಅಮ್ಮನ ಹಿಂದೆ ಅಡಗಿದ.
ಬಾ ಅಜ್ಜೀ ಅಂದೆ. ಕೈ ಹಿಡಿದು ಎಳೆದೆ.
ಬೇರುಬಿಟ್ಟ ಹಾಗೆ ಇದ್ದಳು.
ಆಗ ಹೊಳೆಯಿತು. ಎರಡು ಹೆಜ್ಜೆ ಹಿಂದೆ ಸರಿದು
ಬೆರಳು ತೋರಿಸಿ "ಒಂದು" ಅಂದೆ.
ಆ ಒರಟು ದನಿ ನನ್ನ ಗಂಟಲಿಗೆ ಎಲ್ಲಿಂದ ಬಂತು,
ನಾನು ಅದನ್ನು ಕೇಳಿದವಳೂ ಅಲ್ಲ.
ಅಜ್ಜಿ ತಲೆಯಾಡಿಸಿ ತಿರುಗಿ ನಡೆದಳು.
ನಾನು ಕೂತು ಮೂವತ್ತೂ ಕಾಯಿ ಒಡೆದೆ.

ರಾತ್ರಿ ಮ್ಯಾನೇಜರ್ ಬೆನೆಡಿಟಾ ಮೆತ್ತಗೆ ಕೇಳಿದಳು:
ಮುಂದಿನ ವಾರವೂ ಆಗಬಹುದೇ, ಅವರಿಗೆ ಆಯಾಸವಿಲ್ಲದಿದ್ದರೆ?
ದುಡ್ಡು ಬೇರೆಯೇ ಕೊಡುತ್ತಾರಂತೆ.
ಕೆಟ್ಟವಳಲ್ಲ ಅವಳು. ನೋಡೋಣ ಅಂದೆ.

ಇವತ್ತು ಬುಧವಾರ.
ಕತ್ತಲಾದ ಮೇಲೆ ಕಂಬಕ್ಕೆ ಏಣಿಯಿಟ್ಟು ಹತ್ತಿ
ಗಂಟೆಯ ನಾಲಗೆಗೆ ಟವೆಲ್ ಸುತ್ತಿ ಬಿಗಿದೆ.
ಒಂದು ಹಂಸ ಕಡಿಮೆ ಬಿತ್ತು.
ಬೆಳಿಗ್ಗೆ ಎಣಿಸುತ್ತಾರೆ.