ಸುತ್ತು ಎಣಿಸಿದವಳು

ಎಗ್ಬರ್ಟ್ ಹೋಲ್ಡರ್ ಓಡುವುದನ್ನು ನಾನು ನೋಡಿದ್ದು ಕಡಿಮೆ.
ಕಣ್ಣೆಲ್ಲ ಹಾಳೆಯ ಮೇಲೆ.
ಅವನ ಹೆಜ್ಜೆ ಕಿವಿಗೆ ಬಿದ್ದಾಗ ಒಂದು ಗೀಟು,
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ,
ಹಾಲಿನವನ ಲೆಕ್ಕದ ಹಾಗೆ.

ಬಾರ್ಬಡೋಸಿನಿಂದ ಹಡಗು ಹತ್ತಿ ಬಂದವನು,
ಹಡರ್ಸ್‌ಫೀಲ್ಡಿನಲ್ಲಿ ಬಸ್ ಕಂಡಕ್ಟರ್.
ಕೊನೇ ಟ್ರಿಪ್ ಮುಗಿಸಿ ಡಿಪೋದಿಂದ ಮನೆಗೆ ಓಡುತ್ತಿದ್ದ,
ಮೊದಮೊದಲು ಚಳಿ ತಡೆಯಲಾರದೆ,
ಆಮೇಲೆ ಚಟ ಬಿಡಲಾರದೆ.
ಮನೆ ಎರಡೇ ಮೈಲಿ. ಒಂದು ರಾತ್ರಿ ಮನೆ ದಾಟಿಯೇ ಹೋದ.
ಬೆಳಗ್ಗೆ ಬೆಟ್ಟದಾಚೆಯ ರೋಚ್‌ಡೇಲಿನಿಂದ
ಪಕ್ಕದ ಮನೆಗೆ ಫೋನು, ಹೆಂಡತಿಯನ್ನು ಕರೆಸಿ:
"ಸ್ಟಾಪೇ ಬರಲಿಲ್ಲ ಯೂನಿಸ್, ಇಳಿಯೋದು ಹೇಗೆ?"

ನೇರಳೆ ವೇಸ್ಟ್‌ಕೋಟು, ಹಳದಿ ಬೋ ಟೈ, ಕಂಡಕ್ಟರ್ ಟೋಪಿ.
ಚಿಲ್ಲರೆ ಚೀಲದಲ್ಲಿ ಚಿಲ್ಲರೆ ಇಲ್ಲ,
ಒಂದು ಡಬ್ಬಿ ತಣ್ಣನೆಯ ರೈಸ್ ಪುಡಿಂಗ್, ಒಂದು ಚಮಚ.
ಯಾರನ್ನಾದರೂ ಹಿಂದೆ ಹಾಕುವಾಗ ಗಂಟೆ ಬಾರಿಸಿ,
"ಒಳಗೆ ಜಾಗ ಇದೆ, ಮುಂದೆ ಸರೀರಿ! ರೈಟ್, ರೈಟ್!"
ತೀರ್ಪುಗಾರ ಆಕ್‌ರಾಯ್ಡ್ ನಿಯಮದ ಪುಸ್ತಕ ತಿರುವಿ ಹಾಕಿದ.
ಬೋ ಟೈ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಕಾರ್ಲೈಲಿನಿಂದ ಡೋವರಿಗೆ ಓಡಿದ ವರ್ಷ
ಗ್ರಾಂಥಮ್ ಹತ್ತಿರ ಯಾರದೋ ಮದುವೆಗೆ ನುಗ್ಗಿ
ಮದುಮಗಳ ಅಜ್ಜಿಯ ಜೊತೆ ಮೂರು ಹಾಡಿಗೆ ಕುಣಿದ.
ಡೋವರಿನಲ್ಲಿ ಸೋತದ್ದು ಹನ್ನೊಂದು ನಿಮಿಷದಿಂದ.
"ಅಜ್ಜಿ ಬಿಡಲೊಲ್ಲಳು, ಏನು ಮಾಡಲಿ," ಅಂದ.
ಅದು ಸೋತವನ ಮುಖವೇ ಅಲ್ಲ.

ಉದುರಿದ ಕಾಲುಗುರುಗಳನ್ನು ಹೊಗೆಸೊಪ್ಪಿನ ಡಬ್ಬಿಯಲ್ಲಿ ಕೂಡಿಟ್ಟು
ಒಂದೊಂದಕ್ಕೂ ಓಟದ ಹೆಸರಿನ ಚೀಟಿ.
ಯೂನಿಸ್ ಡಬ್ಬಿಯನ್ನು ಷೆಡ್ಡಿಗೆ ಅಟ್ಟಿದಳು.
ಟ್ರೋಫಿಗೆ ಮಾತ್ರ ಒಳಗೆ ಪ್ರವೇಶ. ಇದ್ದದ್ದು ಮೂರು.

ಎಲ್ಲರೂ ಚಪ್ಪಾಳೆ ತಟ್ಟಿದರೆಂದರೆ ಸುಳ್ಳಾದೀತು.
ಒಂದೂರಲ್ಲಿ ಕಲ್ಲು ಬಂತು, ಒಂದೂರಲ್ಲಿ ಮಾತು.
ಎರಡಕ್ಕೂ ಟೋಪಿ ಎತ್ತಿ "ಟಿಕೆಟ್ ಪ್ಲೀಸ್" ಅಂದು ನಡೆದ.
ಆಮೇಲಿನ ಹತ್ತು ಮೈಲಿ ಗಂಟೆ ಮಾತ್ರ ಕೇಳಿಸಲಿಲ್ಲ,
ಹಿಂದೆ ವ್ಯಾನಿನಲ್ಲಿದ್ದ ನನಗೆ ಗೊತ್ತು.

ಈಗ ನನ್ನದು.
ಎಪ್ಪತ್ತಮೂರರ ಅಕ್ಟೋಬರ್, ಇಪ್ಪತ್ನಾಲ್ಕು ತಾಸಿನ ಓಟ,
ಕಿಟ್ಟ ಹಾಸಿದ ಹಾದಿ, ಬಿಡದ ಜಡಿ.
ಬೆಳಗಿನ ಜಾವ ನಾಲ್ಕೂವರೆ. ಹಾಳೆ ನೆನೆದು
ಪೆನ್ಸಿಲು ಗೀಟಿನ ಬದಲು ತೂತು ಕೊರೆಯುತ್ತಿತ್ತು.
ರೆಪ್ಪೆ ಮುಚ್ಚಿದೆ. ಎಷ್ಟು ಹೊತ್ತು?
ತೆರೆದಾಗ ತಿರುವಿನಲ್ಲಿ ಅವನ ನೇರಳೆ ಬೆನ್ನು,
ಎಣಿಸಿದ ಬೆನ್ನೋ
ಎಣಿಸದ್ದೋ.

ದಾಖಲೆ ತಪ್ಪಿದ್ದು ಮುನ್ನೂರು ಗಜದಿಂದ.
ಸುತ್ತೊಂದಕ್ಕೆ ನಾನೂರ ನಲವತ್ತು.

ಅವನು ಹಾಳೆ ನೋಡಿದ, ನನ್ನನ್ನು ನೋಡಿದ,
ಪುಡಿಂಗ್ ಡಬ್ಬಿ ನನ್ನ ಕಡೆ ಚಾಚಿದ.
ತಳದಲ್ಲಿ ಎರಡು ಚಮಚ ಉಳಿಸಿದ್ದ.
ತಿಂದೆ. ಹೇಳಲಿಲ್ಲ.

ಆಮೇಲೆ ಕಂಡಕ್ಟರಿಲ್ಲದ ಬಸ್ಸುಗಳು ಬಂದವು.
ಟೋಪಿ ವಾಪಸ್ ಕೇಳಿದರು, ಕೊಡಲಿಲ್ಲ.
ಅರವತ್ತೆಂಟರವರೆಗೂ ಓಡಿದ, ಕೊನೆಕೊನೆಗೆ
ಎಲ್ಲರೂ ಅವನನ್ನು ದಾಟುವಾಗ
ಅವರ ಪರವಾಗಿ ತಾನೇ ಗಂಟೆ ಬಾರಿಸುತ್ತ.

ಮೊನ್ನೆ ಆಸ್ಪತ್ರೆಯ ಕಾರಿಡಾರಿನಲ್ಲಿ
ಸಲೈನ್ ಕಂಬ ಹಿಡಿದು ನಿಂತಿದ್ದ:
ಮೂವತ್ತು ಹೆಜ್ಜೆ ಆಚೆ, ಮೂವತ್ತು ಈಚೆ.
"ಎಣಿಸು, ಮಿಸ್ ಕ್ರಾಬ್‌ಟ್ರೀ."
ಊಟದ ಪಟ್ಟಿಯ ಬೆನ್ನ ಮೇಲೆ ಎಣಿಸಿದೆ.
ಅವನು ನಡೆದದ್ದು ಹದಿನಾಲ್ಕು.
ಕೊನೆಯ ನಾಲ್ಕು ಗೀಟಿಗೆ ನಾನು ಅಡ್ಡ ಗೀಟೊಂದು ಎಳೆದೆ.

ಮಂಚದಂಚಿಗೆ ಕೂತು ಕನ್ನಡಕ ಏರಿಸಿದ.
ಇಪ್ಪತ್ತು ವರ್ಷ ರಾತ್ರಿ ರಾತ್ರಿ
ಟಿಕೆಟ್ಟಿಗೂ ಕಾಸಿಗೂ ತಾಳೆ ನೋಡಿದ ಬೆರಳು
ಅಡ್ಡ ಗೀಟಿನ ಮೇಲೆ ಬಂದು ನಿಂತಿತು.
ಪೆನ್ಸಿಲ್ ಇಸಿದುಕೊಂಡು, ತುದಿಯ ರಬ್ಬರಿನಿಂದ
ಕಾಗದ ಹರಿಯದಂತೆ, ನಿಧಾನ ಉಜ್ಜಿ,
ಪುಡಿ ಊದಿ,
"ಹದಿನಾಲ್ಕು," ಅಂದ.